ಬಟ್ಟೆಯ ಹಿಂಬದಿ

ಕೈಮಗ್ಗದ ಪ್ರದರ್ಶನಕ್ಕೆಂದು ಕೊಳ್ಳೇಗಾಲದಿಂದ ಪೋರ್ಚುಗಲ್ಲಿಗೆ ಹೋಗಿದ್ದೆ. ಪ್ರದರ್ಶನವಿದ್ದದ್ದು ಕಡಲ ದಡದ ಒಂದು ಹಳೇ ಊರಿನಲ್ಲಿ. ಬೆಟ್ಟದ ಮೇಲೆ ಚರ್ಚಿದೆ, ಅಲ್ಲಿಂದ ಸಮುದ್ರ ನೋಡಲೇಬೇಕು ಅಂದರು ಅಲ್ಲಿಯವರು. ಹತ್ತಿದೆ. ಒಳಗೆ ಪೂಜಾಪೀಠಕ್ಕೆ ಹಾಸಿದ್ದ ಕಸೂತಿ ಬಟ್ಟೆ ಕಂಡಿತು. ನೇಕಾರನ ಕೈ ಸುಮ್ಮನಿರುತ್ತದೆಯೇ, ಅಂಚು ಮಗುಚಿ ಹಿಂಬದಿ ನೋಡಿದೆ. ಒಂದು ಎಳೆಯೂ ಜೋತಿರಲಿಲ್ಲ, ಅಷ್ಟು ಅಚ್ಚುಕಟ್ಟು.

ಅಷ್ಟರಲ್ಲಿ ಚರ್ಚು ನೋಡಿಕೊಳ್ಳುವ ಅಜ್ಜಿ ದಡದಡ ಬಂದರು.

"ತಪ್ಪಾಯ್ತು ಕಣವ್ವ," ಎಂದೆ, ಕನ್ನಡದಲ್ಲೇ.

ಅಜ್ಜಿ ಬೈಯಲಿಲ್ಲ. ನನ್ನ ಹೆಗಲ ಮೇಲಿದ್ದ ರೇಷ್ಮೆ ಶಲ್ಯದ ಜರಿ ಅಂಚನ್ನು ಮಗುಚಿ, ಕನ್ನಡಕ ಏರಿಸಿ, ಹಿಂಬದಿ ನೋಡಿ ತಲೆದೂಗಿದರು. ಆಮೇಲೆ ಆ ಕಸೂತಿ ತೋರಿಸಿ ತಮ್ಮ ಎದೆ ಮುಟ್ಟಿಕೊಂಡರು. ಅವರೇ ಹಾಕಿದ್ದಂತೆ.

ಊರಿಗೆ ಬಂದಾಗ ಹೆಂಡತಿ ಕೇಳಿದಳು, "ಬೆಟ್ಟದ್ ಮೇಲಿಂದ ಸಮುದ್ರ ಎಂಗಿತ್ತು?"

ಆ ಕಡೆ ತಿರುಗಿಯೇ ಇರಲಿಲ್ಲ ಎಂಬುದು ನನಗೆ ಆಗ ನೆನಪಾಯಿತು.