ಎಡಗೆನ್ನೆಯೊಳಗಿನ ಬಿಳಿ ಕಲೆ

1986ನೇ ಇಸವಿ. ನ್ಯಾಮತಿಯ ನಮ್ಮ ಮನೆಯ ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದೆ. ಬೆಳಿಗ್ಗೆ ಕೂತಾಗ ಎಡಗೆನ್ನೆಗೆ ಒತ್ತಿಕೊಂಡ ಎಲೆ, ಅಡಿಕೆ, ಸುಣ್ಣ, ತಂಬಾಕು ಊಟಕ್ಕೆ ಏಳುವವರೆಗೂ ಅಲ್ಲೇ ಇರುತ್ತಿತ್ತು. ಅದಿಲ್ಲದೆ ನನಗೆ ಯಂತ್ರ ತುಳಿಯಲು ಕಾಲೇ ಬರುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಸಾರು ತಾಗಿದರೆ ಸಾಕು, ಬಾಯಿ ಉರಿಯತೊಡಗಿತು. ಕನ್ನಡಿ ಹಿಡಿದು ನೋಡಿದರೆ ಕೆನ್ನೆಯ ಒಳಗೊಂದು ಬಿಳಿ ಕಲೆ. ಸುಣ್ಣ ಸುಟ್ಟಿದೆ ಅಂದುಕೊಂಡು, ಸಂತೆಯಲ್ಲಿ ಸುಣ್ಣ ಮಾರುವವಳ ಜತೆ ಜಗಳ ಕಾದು ಬೇರೆ ಕಡೆಯಿಂದ ಸುಣ್ಣ ತಂದೆ. ಎಲೆ ಮಾತ್ರ ಬಿಡಲಿಲ್ಲ ನೋಡಿ! ಕಲೆ ಇನ್ನಷ್ಟು ಹರಡಿತು.

"ಇನ್ನೆಷ್ಟು ಸುಣ್ಣ ಬದಲಾಯಿಸ್ತೀಯ? ನಡಿ, ಡಾಕ್ಟ್ರಿಗೆ ತೋರ್ಸಾಕೆ" ಎಂದು ನಮ್ಮ ಯಜಮಾನರು ಶಿವಮೊಗ್ಗದ ಬಸ್ಸು ಹತ್ತಿಸಿದರು.

ಅಲ್ಲಿಯ ವೈದ್ಯೆ ಕಲೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬರುವವರೆಗೆ ನನಗೆ ಊಟವೂ ಸೇರಲಿಲ್ಲ, ನಿದ್ದೆಯೂ ಹತ್ತಲಿಲ್ಲ. ಅದು ಬಂದ ದಿನ ವೈದ್ಯೆ, "ಇನ್ನೂ ಕ್ಯಾನ್ಸರ್ ಆಗಿಲ್ಲ. ಆದ್ರೆ ಜೀವಕೋಶಗಳು ದಾರಿ ತಪ್ಪಾಕೆ ಹತ್ಯಾವೆ" ಅಂದರು.

"ಕತ್ತರಿಸ್ತೀರೇನ್ರೀ?" ಎಂದೆ.

"ಮೊದ್ಲು ಎಲೆ ತಂಬಾಕು ಬಿಡ್ರಿ. ಕೆಟ್ಟಿದ್ದನ್ನ ರಿಪೇರಿ ಮಾಡ್ಕಳಾಕೆ ದೇಹಕ್ಕೇ ಬರ್ತೈತೆ. ನೀವು ದಿನಾ ಏಟು ಹಾಕ್ತಿದ್ರೆ ಅದು ಯಾವಾಗ ಮಾಡ್ಕಬೇಕು? ಮೂರು ತಿಂಗ್ಳು ನೋಡಾಣ. ಕಮ್ಮಿ ಆಗ್ಲಿಲ್ಲ ಅಂದ್ರೆ ಕತ್ತರಿಸಾದೇ."

ಅಂದೇ ಎಲೆ ತಂಬಾಕು ಬಿಟ್ಟೆ. ಸೋಂಪು ಅಗಿಯುತ್ತ ಕೂತೆ. ರವಿಕೆಯ ತೋಳನ್ನು ತಿರುಗಾಮುರುಗಾ ಹೊಲಿದೆ, ಕೇಳಲು ಬಂದ ಗಿರಾಕಿಗಳ ಮೇಲೇ ರೇಗಿದೆ. ಕನ್ನಡಿ ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಮೂರು ತಿಂಗಳಾದ ಮೇಲೆ ವೈದ್ಯೆ ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದರು. ಕೊನೆಗೆ ಕನ್ನಡಿ ಕೈಗಿಟ್ಟು, "ನೀವೇ ನೋಡ್ರಿ" ಎಂದರು. ಕಲೆ ಇದ್ದ ಜಾಗ ಎಳೆಗೂಸಿನ ಬಾಯಿಯಂತೆ ತಿಳಿಗೆಂಪಾಗಿತ್ತು. ಅಲ್ಲೇ ಅತ್ತುಬಿಟ್ಟೆ.

ಎಷ್ಟೋ ವರ್ಷಗಳ ನಂತರ, ಕಾಲೇಜು ಓದುವ ಮೊಮ್ಮಗಳಿಗೆ ಇದನ್ನು ಹೇಳಿದೆ. "ಅಜ್ಜಿ, ಕೋಶದೊಳಗೆ ಪಿ-53 ಅಂತ ಒಂದು ಪ್ರೋಟೀನ್ ಐತೆ. ಡಿಎನ್ಎಗೆ ಏಟು ಬಿದ್ರೆ, ರಿಪೇರಿ ಆಗೋವರ್ಗೂ ಕೋಶ ಬೆಳೀದಂಗೆ ತಡೀತೈತೆ. ರಿಪೇರಿ ಆಗಲ್ಲ ಅಂದ್ರೆ, ಆ ಕೋಶ ತಾನೇ ಸಾಯೋ ಹಂಗೆ ಮಾಡ್ತೈತೆ" ಎಂದಳು.

ನನ್ನ ಕೆನ್ನೆಯೊಳಗೆ ಅದೆಷ್ಟು ಕೋಶಗಳು ತಾವು ಸತ್ತು ನನ್ನನ್ನು ಉಳಿಸಿದವೋ! ಇವತ್ತಿಗೂ ಬಾಯಿ ಮುಕ್ಕಳಿಸುವಾಗ ಅದೇ ನೆನಪು. ನಾನು ಅವುಗಳ ಮೇಲೆ ತಂಬಾಕು ಒತ್ತಿಕೊಂಡು ಕೂತಿದ್ದಾಗಲೂ ಅವು ನನಗಾಗಿಯೇ ದುಡಿಯುತ್ತಿದ್ದವು.