ವೀರಭದ್ರಪ್ಪನವರ ಎಡಗಡೆಯ ಸ್ಪೀಕರು

ಕಣ್ಣು ಮುಚ್ಚಿ ಕುಳಿತು, ಎರಡು ಸ್ಪೀಕರುಗಳ ನಡುವಿನ ಬರಿಗೋಡೆಯತ್ತ ಬೆರಳು ಚಾಚಿ, "ಇಲ್ಲಿ ನಿಂತಾಳ ನೋಡ್ರಿ ಹಾಡಾಕಿ" ಎನ್ನುತ್ತಿದ್ದರು ವೀರಭದ್ರಪ್ಪ. ಅಲ್ಲಿ ಯಾರೂ ಇರುತ್ತಿರಲಿಲ್ಲ. ಆದರೂ ದನಿ ಆ ಬೆರಳು ತೋರಿದಲ್ಲಿಂದಲೇ ಹೊರಟಂತೆ ನನಗೂ ಕೇಳಿಸುತ್ತಿತ್ತು.

ಗಂಗಾವತಿಯಲ್ಲಿ ನಮ್ಮ ಮನೆಗಳಿಗೆ ಒಂದೇ ಗೋಡೆ. ಅಕ್ಕಿ ಗಿರಣಿಯ ಸದ್ದಿನಲ್ಲೇ ಅರ್ಧ ಆಯುಷ್ಯ ಕಳೆದ ಮನುಷ್ಯ, ಗಿರಣಿಯನ್ನು ತಮ್ಮನಿಗೊಪ್ಪಿಸಿ ಸಂಗೀತಕ್ಕೆ ಕುಳಿತಿದ್ದರು. ಗಾಜಿನ ವಾಲ್ವುಗಳು ಕೆಂಪಗೆ ಉರಿಯುವ ಆಂಪ್ಲಿಫೈಯರ್ ಒಂದು, ಟ್ರಾನ್ಸಿಸ್ಟರಿನದು ಇನ್ನೊಂದು. ಒಂದೇ ಹಾಡನ್ನು ಎರಡರಲ್ಲೂ ಹಚ್ಚಿ ನನ್ನ ಮುಖ ನೋಡುವರು. "ಇದು ತುಪ್ಪ ಹಾಕಿದ ಹೋಳಗಿ, ಅದು ಕಟಕ ರೊಟ್ಟಿ. ಎರಡೂ ಛಲೋನ. ಹಸಿವಿ ಮ್ಯಾಲ ಐತಿ." ಸ್ಪೀಕರು ಗೋಡೆಗೆ ಹತ್ತಿದರೆ ತಬಲಾದ ಸದ್ದು ಊದಿಕೊಳ್ಳುತ್ತದೆಂದು ಅಂಗೈಯಗಲ ಮುಂದೆ ಸರಿಸುವರು, ಕಲ್ಲಿನ ನೆಲ ಮಾರ್ದನಿಸುತ್ತದೆಂದು ಕೌದಿಗಳನ್ನೆಲ್ಲ ಹಾಸುವರು. "ನಾವು ಹೊದ್ಕೊಳ್ಳೂದೇನ್ರಿ?" ಎಂದು ಹೆಂಡತಿ ನೀಲಮ್ಮ ಗದರುವರು.

ಕಳೆದ ಬೇಸಿಗೆಯಲ್ಲಿ ಆ ಬೆರಳು ಬಲಕ್ಕೆ ಸರಿಯತೊಡಗಿತು. "ಎಡಗಡೆ ಏನೋ ಸತ್ತಂಗ ಆಗೇತಿ" ಎಂದರು. ಎಡ ಸ್ಪೀಕರನ್ನು ಹತ್ತಿರ ಎಳೆದರು. ವಾರ ಕಳೆಯುವುದರೊಳಗೆ ಇನ್ನಷ್ಟು ಎಳೆದರು. ಆಂಪ್ಲಿಫೈಯರ್ ಬದಲಾಯಿತು, ವೈರು ಬದಲಾಯಿತು. ನನಗೋ ಹಾಡೆಲ್ಲ ಎಡಕ್ಕೇ ವಾಲಿ ಕೇಳುತ್ತಿತ್ತು. ಹಾಗೆಂದರೆ ರೇಗುವರು: "ನಿಮ್ಮ ಕಿವಿ ಕೆಟ್ಟಾವ್ರಿ." ಹಾಡು ನಿಂತ ಮೇಲೂ ಗುಂಯ್ ಎನ್ನುವ ಸದ್ದು ಉಳಿಯುತ್ತದೆಂದರು. ನಾನು ಪ್ಲಗ್ಗನ್ನೇ ಕಿತ್ತೆ.

"ಇನ್ನೂ ಐತಿ" ಎಂದರು.



ಕೊನೆಗೆ ಸ್ಪೀಕರುಗಳನ್ನೇ ಅದಲು ಬದಲು ಮಾಡಿದೆ. ದೋಷ ಸ್ಪೀಕರಿನದಾಗಿದ್ದರೆ ಅದರ ಸಂಗಡ ಬಲಕ್ಕೆ ಬರಬೇಕಿತ್ತು. ಬರಲಿಲ್ಲ. ವೀರಭದ್ರಪ್ಪ ಎದ್ದು, ಕುರ್ಚಿಯನ್ನು ತಿರುಗಿಸಿ, ಸ್ಪೀಕರುಗಳಿಗೆ ಬೆನ್ನು ಮಾಡಿ ಕುಳಿತರು. ಈಗ ಅವರಿಗೆ ಸತ್ತಂತೆ ಕೇಳಿದ್ದು ಎಡಗಿವಿಯ ಕಡೆಗೆ ಬಂದ ಮತ್ತೊಂದು ಸ್ಪೀಕರು. ಹಾಡು ಮುಗಿಯುವವರೆಗೆ ಹಾಗೇ ಕುಳಿತಿದ್ದರು. ಬಾಗಿಲಲ್ಲಿದ್ದ ನೀಲಮ್ಮ ಮೆಲ್ಲಗೆ, "ಈಗೀಗ ಫೋನು ಬಲಗಿವಿಗೇ ಹಿಡಿತಾರ್ರಿ. ಮೊನ್ನಿ ಮೆಟ್ಲ ಮ್ಯಾಲ ಜೋಲಿನೂ ಹೊಡದ್ರು" ಎಂದರು.

ಎಡಗಿವಿಯ ಹಿಂದೆ, ಮೆದುಳಿಗೆ ಹತ್ತಿ ಗಡ್ಡೆ ಬೆಳೆದಿದೆ ಎಂದರು ಹುಬ್ಬಳ್ಳಿಯ ಡಾಕ್ಟರು.

ಆಪರೇಷನ್ನಿಗೆ ಹೊರಟ ಬೆಳಿಗ್ಗೆ ನೀಲಮ್ಮ ಕಾರಿನಲ್ಲಿ ಗಂಡನ ಎಡಕ್ಕೆ ಕುಳಿತಿದ್ದರು. ವೀರಭದ್ರಪ್ಪ ಇಳಿದು, ಗಾಡಿಯನ್ನು ಹಿಡಿದುಕೊಂಡೇ ಸುತ್ತಿ ಬಂದು ಆಚೆ ಬಾಗಿಲು ತೆರೆದರು.

"ಆ ಕಡೆ ಸರಿ. ನನ್ನ ಬಲಕ್ಕ ಕುಂದರು."

"ಯಾಕ್ರಿ?"

"ಏನರ ಮಾತಾಡ್ಕೋತ ಬಾ. ಹುಬ್ಬಳ್ಳಿ ತನಕ ಕೇಳ್ಕೋತ ಬರ್ತೀನಿ."

ನಾನು ಅವರನ್ನು ನೋಡಿದ್ದು ಅದೇ ಕಡೆಯ ಸಲ. ಅವರ ತಿಥಿ ಕರ್ಮಗಳು ಮುಗಿದ ಮೇಲೆ ನೀಲಮ್ಮ ತಾವಾಗಿಯೇ ಹೇಳಿದರು: "ಕೊಪ್ಪಳ ದಾಟೂದ್ರಾಗ ನನ್ನ ಮಾತೆಲ್ಲ ತೀರಿದ್ವು. ಅವ್ರು ಕಿವಿ ಕೊಟ್ಟು ಕುಂತಿದ್ರು. ಸುಮ್ನ ಆಗಾಕ ಮನಸ್ಸಾಗ್ಲಿಲ್ರಿ. ದಾರ್ಯಾಗ ಬೋರ್ಡಿನ ಮ್ಯಾಲಿನ ಊರ ಹೆಸರ ಓದ್ಕೋತ ಹೋದೆ."