ಚಾಚಿ ಕಲಿತ ಸ್ಪ್ಯಾನಿಷ್

ಹೋದ ವಾರ ಹಳೆಯ ಬ್ಯಾಗ್ ಜಾಡಿಸಿದಾಗ ಹಸಿರು ಗಾಜಿನ ಬಳೆಯ ಚೂರೊಂದು ಬೆರಳಿಗೆ ಚುಚ್ಚಿತು. ಬೆರಳು ಬಾಯಲ್ಲಿಟ್ಟುಕೊಂಡೇ ನಾನು ಬಳೆಗಾರ ಚಾಚಿಯನ್ನು ನೆನೆದೆ...

ಆಗ ನಾನು ಗಜೇಂದ್ರಗಡದಿಂದ ರೋಣದ ಶಾಲೆಗೆ ದಿನಾ ಪಾಠ ಹೇಳಲು ಹೋಗುತ್ತಿದ್ದೆ. ಸೂಡಿ, ಇಟಗಿ ಎಂದು ಊರೂರು ಮುಟ್ಟುವ ಬಸ್ಸು. ಬಳೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಚಾಚಿ ನನಗೆ ಪಕ್ಕದ ಸೀಟು ಹಿಡಿದಿರುತ್ತಿದ್ದರು. ಅದಕ್ಕಾಗಿ ಯಾರ ಜೊತೆಗಾದರೂ ಜಗಳಕ್ಕೆ ನಿಲ್ಲುತ್ತಿದ್ದರು.

ಬಳೆ ಇಡಿಸುವಾಗ ಅವರು ಬಾಯಿ ಮುಚ್ಚುತ್ತಿರಲಿಲ್ಲ. ಮುಂಜಾನೆ ಏನು ಅಡುಗೆ, ಸಂಜೆ ಯಾರು ಬರುತ್ತಾರೆ ಎಂದು ಕೇಳುತ್ತಿದ್ದರು. ಉತ್ತರ ಹೇಳುವಷ್ಟರಲ್ಲಿ ನಮ್ಮ ಕೈ ಸಡಿಲಾಗಿ ಬಳೆ ಒಳಗೆ ಹೋಗಿರುತ್ತಿತ್ತು. ಸೂಡಿಯ ಹಳೆಯ ಗುಡಿಯ ಚಿತ್ರ ಬರೆಯಲು ಸ್ಪೇನಿನಿಂದ ಬಂದ ಹೆಂಗಸಿನ ಹತ್ತಿರ ಮಾತ್ರ ಈ ವಿದ್ಯೆ ನಡೆಯಲಿಲ್ಲ. ಮಾತಿಲ್ಲದೆ ಆಕೆಯ ಕೈ ಬಿಗಿಯಿತು, ಮೂರು ಬಳೆ ಒಡೆದು ರಕ್ತ ಬಂತು. ಮತ್ತೆ ಬರುತ್ತೇನೆಂದು ಸನ್ನೆ ಮಾಡಿ ಆಕೆ ನಗುತ್ತಲೇ ಹೋದಳು. ಚಾಚಿಗೆ ಅವಮಾನ ತಡೆಯಲಾಗಲಿಲ್ಲ.

“ಹುಟ್ಟಿದಾಗಿಂದ ಬಳಿ ಇಡಿಸೀನ್ರಿ ಅಕ್ಕೋರ, ಒಬ್ಬರ ಕೈಯಾಗೂ ರಕ್ತ ತಗದಿಲ್ಲ. ಆಕಿ ಬರೋದ್ರಾಗ ಆಕಿ ಮಾತು ಕಲಿಸ್ರಿ ನನಗ.”

“ಫೋನೇ ಆಕಿ ಭಾಷಾ ಮಾತಾಡತೈತಲ್ರಿ ಚಾಚಿ,” ಎಂದೆ.

“ಫೋನ್ ಮಾತಾಡಿದ್ರ ಫೋನಿನ ಕೈ ಸಡ್ಲ ಆಗತೈತಿ, ಆಕಿದಲ್ಲ.”

ಹೀಗೆ ಬಸ್ಸಿನಲ್ಲಿ ನಮ್ಮ ಸ್ಪ್ಯಾನಿಷ್ ಶುರುವಾಯಿತು. ನಾನು ಫೋನು ನೋಡಿ ಹೇಳುತ್ತಿದ್ದೆ. ಓದು ಬಾರದ ಚಾಚಿ ಒಂದೊಂದು ಊರಿಗೆ ಒಂದೊಂದು ಹೊತ್ತು ಕಟ್ಟಿಬಿಟ್ಟರು. ಗಜೇಂದ್ರಗಡ ಮನ್ಯಾನಾ, ಅಂದರೆ ಮುಂಜಾನೆ. ಸೂಡಿ ಮೆದಿಯೋದಿಯಾ, ಮಧ್ಯಾಹ್ನ. ಇಟಗಿ ತಾರ್ದೆ, ಸಂಜೆ. ರೋಣ ನೋಚೆ, ರಾತ್ರಿ. ಮಧ್ಯಾಹ್ನದ ಊಟದ ನಂತರದಿಂದ ಸಂಜೆಯವರೆಗೂ ತಾರ್ದೆಯೇ ಎಂದು ನಾನು ಹೇಳಿದಾಗ ರೇಗಿದರು. “ಎಲ್ಲಾಕ್ಕೂ ಒಂದ ಹೆಸರಂದ್ರ ದೀಪಾ ಹಚ್ಚೋದು ಯಾವಾಗ್ರಿ?” ಬೆಳಗಿನ ಒಂಬತ್ತೂವರೆಗೆ ರೋಣದಲ್ಲಿ ಇಳಿಯುತ್ತ ಕಂಡಕ್ಟರಿಗೆ “ಬುವೆನಾಸ್ ನೋಚೆಸ್” ಎಂದು ಗಂಭೀರವಾಗಿ ಶುಭರಾತ್ರಿ ಹೇಳುತ್ತಿದ್ದರು. ನನಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು.

ಬರಬರುತ್ತ ಊರಿನ ಹಂಗಿಲ್ಲದೆ, ಆಕಾಶ ನೋಡಿಯೇ ಸರಿಯಾಗಿ ಹೇಳತೊಡಗಿದರು. ಒಂದು ಸಂಜೆ ಓಡುವ ಬಸ್ಸಿನಲ್ಲೇ ನನ್ನ ಕೈ ಹಿಡಿದು, ತಾರ್ದೆ, ನೋಚೆ ಎಂದು ಹರಟುತ್ತ ಡಜನ್ ಬಳೆ ಇಡಿಸಿದರು. ಒಂದೂ ಒಡೆಯಲಿಲ್ಲ. ಅವರ ಮುಖದ ಸಂತೋಷ ನೋಡಬೇಕಿತ್ತು...

ಆದರೆ ಆ ಹೆಂಗಸು ಮರುವರ್ಷ ಬರಲಿಲ್ಲ, ಅದರ ಮರುವರ್ಷವೂ ಇಲ್ಲ. ಬಸ್ಸು ಸೂಡಿಯಲ್ಲಿ ನಿಂತಾಗಲೆಲ್ಲ ಚಾಚಿ ಕಿಟಕಿಯಿಂದ ಇಣುಕುತ್ತಿದ್ದರು. ಹಾಗೆ ಕಾಯುತ್ತಲೇ ಒಂದು ಬೇಸಿಗೆಯಲ್ಲಿ ತೀರಿಕೊಂಡರು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಆ ಸ್ಪೇನಿನ ಹೆಂಗಸು ಮತ್ತೆ ಬಂದಿದ್ದಾಳೆಂದು ತಿಳಿದು ನಿನ್ನೆ ಸಂಜೆ ಸೂಡಿಗೆ ಹೋಗಿದ್ದೆ. “ಬುವೆನಾಸ್ ತಾರ್ದೆಸ್” ಎಂದೊಡನೆ ಆಕೆಯ ಮುಖ ಅರಳಿತು. ನನ್ನ ಗಾಜಿನ ಬಳೆ ಮುಟ್ಟಿದಳು, ತನ್ನ ಬರಿಗೈ ತೋರಿಸಿದಳು, ಆಮೇಲೆ ಎಲ್ಲಿ ಎಂಬಂತೆ ನನ್ನ ಬೆನ್ನ ಹಿಂದೆ ನೋಡಿದಳು. ಫೋನು ಹತ್ತಿರವೇ ಇತ್ತು, ತೆಗೆಯಲು ಮನಸ್ಸಾಗಲಿಲ್ಲ. ಮುಂಜಾನೆ, ಮಧ್ಯಾಹ್ನ, ಸಂಜೆ, ರಾತ್ರಿ ಎಲ್ಲ ನನಗೆ ಬರುತ್ತಿತ್ತು. ಚಾಚಿ ಇಲ್ಲ ಎನ್ನುವುದನ್ನು ನಾವು ಕಲಿತಿರಲಿಲ್ಲ.